ಒಪ್ಪಿಗೆ ಕೇಳುವ ಕೆಲಸ: ಮುಕ್ತ ತಂತ್ರಾಂಶದ ಲೈಸೆನ್ಸ್ ಬದಲಾವಣೆಯ ಮೂರು ದಶಕ

2017ರ ಮಾರ್ಚ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂಡ ತನಗೆ ಅಲ್ಲಿಯವರೆಗೆ ಕೋಡ್ ಬರೆದುಕೊಟ್ಟವರಿಗೆಲ್ಲ, ಹೆಚ್ಚುಕಡಿಮೆ 400 ಜನಕ್ಕೆ, ಇಮೇಲ್ ಕಳಿಸತೊಡಗಿತು. ಬ್ಯಾಂಕಿನ ಜಾಲತಾಣ ತೆರೆದಾಗ ನಮ್ಮ ಪಾಸ್‌ವರ್ಡ್ ದಾರಿಯಲ್ಲಿ ಯಾರ ಕೈಗೂ ಸಿಗದಂತೆ ಗೂಢಲಿಪಿಯಲ್ಲಿ ಸಾಗಿಸುವ ಲೈಬ್ರರಿ ಅದು. ಜಗತ್ತಿನ ಎಷ್ಟೋ ಸರ್ವರ್‌ಗಳು ಅದನ್ನೇ ನಂಬಿಕೊಂಡಿವೆ. ಇಮೇಲಿನ ಒಕ್ಕಣೆ ಸರಳವಾಗಿತ್ತು. ನೀವು ಕೊಟ್ಟ ಕೋಡ್ ಹಳೆಯ ಲೈಸೆನ್ಸ್‌ನಲ್ಲಿದೆ, ಅದನ್ನು ಅಪಾಚೆ 2.0 ಲೈಸೆನ್ಸ್‌ಗೆ ಬದಲಾಯಿಸಬೇಕೆಂದಿದ್ದೇವೆ, ಒಪ್ಪುತ್ತೀರಾ? ಕೊನೆಯಲ್ಲಿ ಇನ್ನೊಂದು ಸಾಲಿತ್ತು: ನಿಮ್ಮಿಂದ ಉತ್ತರ ಬಾರದಿದ್ದರೆ ನಿಮಗೆ ಆಕ್ಷೇಪವಿಲ್ಲವೆಂದು ತಿಳಿಯುತ್ತೇವೆ.

ಈ ಕೊನೆಯ ಸಾಲು ದೊಡ್ಡ ಜಗಳ ಎಬ್ಬಿಸಿತು. ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ನಾಯಕ ಥಿಯೋ ಡಿ ರಾಟ್ ಬಹಿರಂಗವಾಗಿಯೇ ವಿರೋಧಿಸಿದರು. ಮೌನ ಸಮ್ಮತಿಲಕ್ಷಣ ಎಂಬ ಹಳೆಯ ಮಾತು ಹಕ್ಕುಸ್ವಾಮ್ಯದ ಕಾನೂನಿನಲ್ಲಿ ನಡೆಯುವುದಿಲ್ಲ. ಬರೆದವನು ಸುಮ್ಮನಿದ್ದಾನೆಂದು ಅವನ ಬರಹದ ಷರತ್ತನ್ನು ಇನ್ನೊಬ್ಬರು ತಿದ್ದಲಾಗದು. ಹಲವರು ಸೇರಿ ಕಟ್ಟಿದ ತಂತ್ರಾಂಶದ ಲೈಸೆನ್ಸ್ ಬದಲಾಯಿಸುವ ಕೆಲಸ ಮೂರು ದಶಕಗಳಿಂದ ಸುತ್ತುತ್ತಿರುವುದು ಇದೊಂದೇ ಪ್ರಶ್ನೆಯ ಸುತ್ತ: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಕೇಳದೆಯೇ ಆಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಬಹುದೇ?

ಕಾನೂನಿನ ಬುಡ ಇಷ್ಟು. ಮುಕ್ತ ತಂತ್ರಾಂಶವೆಂದರೆ ಒಡೆಯರಿಲ್ಲದ ತಂತ್ರಾಂಶವಲ್ಲ. ಸಾಮಾನ್ಯವಾಗಿ ಪ್ರತಿ ಸಾಲಿಗೂ ಅದನ್ನು ಬರೆದವರು ಒಡೆಯರು. ಒಂದು ಲೈಸೆನ್ಸ್ ಮೂಲಕ ಬಳಕೆಯ ಅನುಮತಿಯನ್ನು ಎಲ್ಲರಿಗೂ ಕೊಟ್ಟಿರುತ್ತಾರೆ, ಅಷ್ಟೆ. ನೂರು ಜನ ಬರೆದ ಲೈಬ್ರರಿಗೆ ನೂರು ಒಡೆಯರು. ಪಹಣಿಯಲ್ಲಿ ಹತ್ತಾರು ಹೆಸರಿರುವ ಜಮೀನು ಮಾರಹೊರಟವರಿಗೆ ಈ ಕಷ್ಟ ಗೊತ್ತು: ಮುಂಬೈಗೆ ಹೋಗಿ ನೆಲೆಸಿದ ಚಿಕ್ಕಪ್ಪನ ಸಹಿಯೂ ಬೇಕು, ತೀರಿಕೊಂಡ ಸೋದರತ್ತೆಯ ಮಕ್ಕಳ ಸಹಿಯೂ ಬೇಕು. ಎಂಐಟಿ, ಬಿಎಸ್‌ಡಿಯಂಥ ಸಡಿಲ ಲೈಸೆನ್ಸ್‌ನಲ್ಲಿರುವ ಕೋಡನ್ನು ತಿದ್ದಿ ಹಂಚುವವರೂ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕೆನ್ನುವ ಜಿಪಿಎಲ್‌ನಂಥ ಬಿಗಿ ಲೈಸೆನ್ಸ್‌ನ ಯೋಜನೆಯೊಳಗೆ ಸೇರಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಬಿಗಿಯಿಂದ ಸಡಿಲಕ್ಕೆ ಬರಬೇಕೆಂದರೆ ಮಾತ್ರ ಎಲ್ಲರ ಮನೆಬಾಗಿಲಿಗೂ ಹೋಗಬೇಕು.

ಮೊದಮೊದಲು ಕೇಳುವುದು ಕಷ್ಟವಾಗಿರಲಿಲ್ಲ, ಏಕೆಂದರೆ ಜನ ಕಡಿಮೆ ಇದ್ದರು. ಲಿನಕ್ಸ್ ಹುಟ್ಟಿದ 1991ರಲ್ಲಿ ಅದರ ಲೈಸೆನ್ಸ್ ಪ್ರಕಾರ ಅದನ್ನು ಹಣಕ್ಕೆ ಮಾರುವಂತಿರಲಿಲ್ಲ. 1992ರ ಜನವರಿಯಲ್ಲಿ 0.12 ಆವೃತ್ತಿ ಹೊರಡಿಸುವಾಗ ಲಿನಸ್ ಟೋರ್ವಾಲ್ಡ್ಸ್, ಜಿಪಿಎಲ್‌ಗೆ ಬದಲಾಯಿಸುವ ಯೋಚನೆಯಿದೆ, ಕೋಡ್ ಕೊಟ್ಟವರಲ್ಲಿ ತಕರಾರಿದ್ದವರು ತಿಳಿಸಿ, ಇಲ್ಲವಾದರೆ ಫೆಬ್ರವರಿ ಒಂದರಿಂದ ಜಾರಿ ಎಂದು ಬರೆದರು. ಗಮನಿಸಿ, ಇದೂ ಮೌನವನ್ನು ಸಮ್ಮತಿಯೆಂದು ಎಣಿಸಿದ ಕ್ರಮವೇ. ಬೆರಳೆಣಿಕೆಯ ಜನ, ಒಬ್ಬರಿಗೊಬ್ಬರು ಪರಿಚಿತರು, ಯಾರೂ ಜಗಳವಾಡಲಿಲ್ಲ. 25 ವರ್ಷಗಳ ಬಳಿಕ ಓಪನ್‌ಎಸ್‌ಎಸ್‌ಎಲ್ ಅದೇ ಮಾತಾಡಿದಾಗ ಕಾಲ ಬೇರೆಯಾಗಿತ್ತು. ಲಿನಕ್ಸ್ ಕೂಡ ಇಂದು ಹಾಗೆ ಬದಲಾಗಲಾರದು. 2007ರಲ್ಲಿ ಜಿಪಿಎಲ್‌ನ ಮೂರನೆಯ ಆವೃತ್ತಿ ಬಂದರೂ ಅದರ ಕರ್ನೆಲ್ ಎರಡನೆಯದರಲ್ಲೇ ನಿಂತಿದೆ. ಟೋರ್ವಾಲ್ಡ್ಸ್‌ಗೆ ಮೂರನೆಯದು ಹಿಡಿಸಲಿಲ್ಲವೆಂಬುದು ಒಂದು ಕಾರಣ. ಹಿಡಿಸಿದ್ದರೂ ಸಾವಿರಾರು ಒಡೆಯರನ್ನು ಒಪ್ಪಿಸುವುದು ಆಗದ ಮಾತು.

ಒಬ್ಬನೇ ಒಡೆಯ ಇದ್ದಲ್ಲಿ ಒಂದು ಪತ್ರ ಸಾಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಿಎಸ್‌ಡಿ ಲೈಸೆನ್ಸ್‌ನಲ್ಲಿ, ಜಾಹೀರಾತುಗಳಲ್ಲೆಲ್ಲ ವಿಶ್ವವಿದ್ಯಾಲಯದ ಹೆಸರು ಹೇಳಬೇಕೆಂಬ ಷರತ್ತಿತ್ತು. ಬೇರೆಯವರು ತಮ್ಮ ಕೋಡಿಗೂ ಅದನ್ನೇ ನಕಲು ಮಾಡಿ ತಂತಮ್ಮ ಹೆಸರು ಸೇರಿಸಿಕೊಂಡರು. 1997ರ ನೆಟ್‌ಬಿಎಸ್‌ಡಿಯಲ್ಲಿ ಇಂಥ 75 ಸಾಲುಗಳನ್ನು, ಜಿಪಿಎಲ್ ರೂಪಿಸಿದ ಗ್ನೂ ಯೋಜನೆಯ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಎಣಿಸಿದ್ದರು. 1999ರ ಜುಲೈನಲ್ಲಿ ವಿಶ್ವವಿದ್ಯಾಲಯ ಆ ಷರತ್ತನ್ನು ಒಂದೇ ಏಟಿಗೆ ಕೈಬಿಟ್ಟಿತು. ಆದರೆ ಅದು ತೆಗೆಯಬಹುದಾಗಿದ್ದು ತನ್ನ ಸಾಲನ್ನು ಮಾತ್ರ. ನಕಲು ಮಾಡಿಕೊಂಡವರು ಒಬ್ಬೊಬ್ಬರಾಗಿ ತೆಗೆಯಬೇಕಾಯಿತು, ಆ ಕೆಲಸಕ್ಕೆ ವರ್ಷಗಳು ಹಿಡಿದವು.

ಕೇಳುವುದು ಒಂದು ಪೂರ್ಣಪ್ರಮಾಣದ ಕಸುಬಾಗಿದ್ದು ಮೊಜಿಲ್ಲಾದಿಂದ. 1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ತನ್ನ ಬ್ರೌಸರಿನ ಮೂಲ ಕೋಡನ್ನು ಹೊರಗಿಟ್ಟಾಗ ಎರಡು ಲೈಸೆನ್ಸ್ ಬರೆದಿತ್ತು. ಎಂಪಿಎಲ್ ಎಲ್ಲರಿಗೂ ಸಮಾನ. ಎನ್‌ಪಿಎಲ್‌ನಲ್ಲಿ ಕಂಪನಿಗೆ ವಿಶೇಷ ಹಕ್ಕು. ಎರಡೂ ಜಿಪಿಎಲ್ ಜೊತೆ ಹೊಂದುತ್ತಿರಲಿಲ್ಲ, ಹಾಗಾಗಿ ಮೊಜಿಲ್ಲಾದ ಒಳ್ಳೊಳ್ಳೆಯ ಭಾಗಗಳನ್ನು ಜಿಪಿಎಲ್ ಯೋಜನೆಗಳು ಬಳಸುವಂತಿರಲಿಲ್ಲ. ಪರಿಹಾರವಾಗಿ ಪ್ರತಿ ಕಡತವನ್ನೂ ಎಂಪಿಎಲ್, ಜಿಪಿಎಲ್, ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ ಮೂರರಲ್ಲೂ ಕೊಡುವುದೆಂದು ತೀರ್ಮಾನವಾಯಿತು. ಜರ್ವಾಸ್ ಮಾರ್ಕಮ್ ಆ ಕೆಲಸದ ಹೊಣೆ ಹೊತ್ತರು. ನೆಟ್‌ಸ್ಕೇಪ್‌ಗೆ ವಿಶೇಷ ಹಕ್ಕಿದ್ದ ಕಡತಗಳು ಸುಲಭವಾಗಿ ಬದಲಾದವು. ಯಾವ ಹಕ್ಕನ್ನು ಸಮುದಾಯ ಆಕ್ಷೇಪಿಸಿತ್ತೋ ಅದೇ ಇಲ್ಲಿ ಕೆಲಸ ಹಗುರ ಮಾಡಿತು. ಉಳಿದದ್ದಕ್ಕೆ ಕಡತ ಕಡತ ತೆರೆದು, ಬರೆದವರನ್ನು ಹುಡುಕಿ, ಕೇಳಿ, ಕಾದು, ಮತ್ತೆ ಕೇಳಬೇಕಾಯಿತು. ಮುಗಿದದ್ದು 2006ರ ಮಾರ್ಚ್‌ನಲ್ಲಿ, ಐದು ವರ್ಷದ ದುಡಿಮೆಯ ನಂತರ. ಒಂದು ಹೊಸ ಸೌಲಭ್ಯವನ್ನೂ ಸೇರಿಸದ, ಒಂದು ದೋಷವನ್ನೂ ತಿದ್ದದ ಕೆಲಸಕ್ಕೆ ಐದು ವರ್ಷ! ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಇಂಥ ತಾಳ್ಮೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂದು ನನಗೆ ಬಲವಾಗಿ ಅನಿಸುತ್ತದೆ.

ಬರೆದವರು ಯಾರೆಂದು ತಿಳಿಯುವುದೇ ಆಗ ದೊಡ್ಡ ತೊಡಕು. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಿವಿಎಸ್‌ನಂಥ ಹಳೆಯ ವ್ಯವಸ್ಥೆಗಳಲ್ಲಿ ದಾಖಲಾಗುತ್ತಿದ್ದುದು ಕೋಡನ್ನು ಒಳಸೇರಿಸಿದವರ ಹೆಸರು. ಪ್ಯಾಚ್ ಬರೆದುಕೊಟ್ಟವರು ಬೇರೆಯವರಾಗಿದ್ದರೆ ಆ ಹೆಸರು ಟಿಪ್ಪಣಿಯಲ್ಲೆಲ್ಲೋ ಇರಬಹುದು, ಇರದೆಯೂ ಇರಬಹುದು. 2005ರಲ್ಲಿ ಬಂದ ಗಿಟ್ ಬರೆದವರನ್ನೂ ಸೇರಿಸಿದವರನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳತೊಡಗಿದ ಮೇಲೆ ಈ ಪತ್ತೇದಾರಿ ಎಷ್ಟೋ ಹಗುರವಾಯಿತು. ಅಕ್ಷರದೋಷ ತಿದ್ದಿದವರನ್ನೂ ಕೇಳಬೇಕೇ ಎಂಬ ಪ್ರಶ್ನೆಗೆ ಗ್ನೂ ಯೋಜನೆ ತನ್ನ ನಿರ್ವಾಹಕರಿಗೆ ಒಂದು ಅಂದಾಜು ಕೊಟ್ಟಿದೆ: ಸುಮಾರು 15 ಸಾಲು ಮೀರಿದರೆ ಹಕ್ಕುಸ್ವಾಮ್ಯದ ಲೆಕ್ಕಕ್ಕೆ ಬರುತ್ತದೆ. ಅದು ಕೋರ್ಟಿನ ತೀರ್ಪಲ್ಲ, ರೂಢಿ.

ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನ ಕಥೆ ಮೊಜಿಲ್ಲಾದ್ದಕ್ಕಿಂತ ಕಾವಿನದು. ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್‌ನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಯೋಜನೆಯದು. 2001ರಲ್ಲಿ ಜಿಪಿಎಲ್ ಅಡಿ ಬಿಡುಗಡೆಯಾಯಿತು. 2011ರ ಜನವರಿಯಲ್ಲಿ ಐಫೋನಿನ ವಿಎಲ್‌ಸಿ ಆ್ಯಪಲ್‌ನ ಆ್ಯಪ್ ಸ್ಟೋರಿನಿಂದ ಮಾಯವಾಯಿತು. ಸ್ಟೋರಿನ ಷರತ್ತುಗಳು ಜಿಪಿಎಲ್‌ಗೆ ವಿರುದ್ಧವೆಂದು ದೂರು ಕೊಟ್ಟವರು ಹೊರಗಿನವರಲ್ಲ, ವಿಎಲ್‌ಸಿಯ ಮುಖ್ಯ ಕೋಡ್ ಬರೆದವರಲ್ಲೊಬ್ಬರಾದ ರೆಮಿ ಡೆನಿ-ಕೂರ್ಮೋ. ಬಹುಮಂದಿ ಒಡೆತನವೆಂದರೆ ಏನೆಂದು ಅಂದು ಎಲ್ಲರಿಗೂ ಅರ್ಥವಾಯಿತು. ಒಬ್ಬರ ಬೇಡವೆಂಬ ಮಾತಿಗೂ ಪೂರ್ತಿ ತೂಕವಿದೆ.

ಜಾನ್-ಬಾಪ್ಟಿಸ್ಟ್ ಕೆಂಫ್ ನೇತೃತ್ವದಲ್ಲಿ ತಂಡ ಲೈಸೆನ್ಸ್ ಬದಲಾವಣೆಗೆ ಇಳಿಯಿತು. ಇಡೀ ವಿಎಲ್‌ಸಿಯನ್ನು ಬದಲಾಯಿಸಹೊರಡದಿದ್ದುದೇ ಅವರ ಜಾಣತನ. ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಒಳತಿರುಳು, ಅಂದರೆ ಲಿಬ್‌ವಿಎಲ್‌ಸಿ ಎಂಬ ಲೈಬ್ರರಿ, ಎಲ್‌ಜಿಪಿಎಲ್‌ಗೆ ಬರಬೇಕು. ಕಣ್ಣಿಗೆ ಕಾಣುವ ಪ್ಲೇಯರ್ ಜಿಪಿಎಲ್‌ನಲ್ಲೇ ಇರಲಿ. 2011ರ ಕೊನೆಗೆ ತಿರುಳು, 2012ರ ನವೆಂಬರಿಗೆ ಬಹುಪಾಲು ಮಾಡ್ಯೂಲ್‌ಗಳು ಬದಲಾದವು. ನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಒಪ್ಪಿಗೆ ಪಡೆಯಲಾಯಿತು. ಫ್ರಾನ್ಸಿನ ಕಾನೂನು ಬರೆದವರ ಹಕ್ಕಿಗೆ ಬಹಳ ಗಟ್ಟಿಯಾದ ರಕ್ಷಣೆ ಕೊಡುವುದರಿಂದ ಅಲ್ಲಿ ಉಡಾಫೆಗೆ ಎಡೆಯೇ ಇರಲಿಲ್ಲ. ಒಪ್ಪಿಗೆ ಸಿಗದ ಭಾಗಗಳನ್ನು ಹೊಸದಾಗಿ ಬರೆದರು, ಇಲ್ಲವೇ ಜಿಪಿಎಲ್‌ನಲ್ಲೇ ಬಿಟ್ಟರು. 2013ರ ಜುಲೈನಲ್ಲಿ ವಿಎಲ್‌ಸಿ ಐಫೋನಿಗೆ ಮರಳಿತು. ಡಾಲ್ಫಿನ್ ಎಂಬ ಗೇಮ್ ಎಮ್ಯುಲೇಟರ್ 2015ರಲ್ಲಿ ಹೀಗೆಯೇ ಒಪ್ಪಿಗೆ ಕೇಳುತ್ತ ಲೈಸೆನ್ಸ್ ಬದಲಾಯಿಸಿಕೊಂಡಿತು. ಜಾಲಪುಟ ವಿನ್ಯಾಸದ ಸಲಕರಣೆಯಾದ ಬೂಟ್‌ಸ್ಟ್ರಾಪ್ 2014ರ ಆರಂಭದ 3.1 ಆವೃತ್ತಿಯಲ್ಲಿ ಅಪಾಚೆಯಿಂದ ಎಂಐಟಿಗೆ ಬಂತು.

ಓಪನ್‌ಎಸ್‌ಎಸ್‌ಎಲ್‌ಗೆ ಮರಳೋಣ. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಬರೆದ ಎಸ್‌ಎಸ್‌ಎಲ್‌ಇಎವೈ ಅದರ ಮೂಲ. ಬಿಎಸ್‌ಡಿಯ ಆ ಹಳೆಯ ಜಾಹೀರಾತಿನ ಷರತ್ತು ಅಲ್ಲಿಂದಲೇ ಬಂದು ಕೂತಿತ್ತು. ಅದರಿಂದಾಗಿ ಜಿಪಿಎಲ್ ತಂತ್ರಾಂಶಗಳು ಅದನ್ನು ಬಳಸಲು ವಿಶೇಷ ವಿನಾಯಿತಿ ಬರೆದುಕೊಳ್ಳಬೇಕಿತ್ತು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದ ಬಳಿಕ ಯೋಜನೆಗೆ ಹಣ, ಜನ, ಗಮನ ಮೂರೂ ಬಂದವು. 2015ರಲ್ಲಿ ಲೈಸೆನ್ಸ್ ಬದಲಿಸುವ ನಿರ್ಧಾರ ಹೊರಬಿತ್ತು. ಇಮೇಲಿನ ಗದ್ದಲವಾಗಿ ಒಂದು ವರ್ಷ ಕಳೆದರೂ, 2018ರ ಮಾರ್ಚ್‌ನಲ್ಲಿ, ಕೈಗೆ ಸಿಗದ ಕೊಡುಗೆದಾರರ ಹೆಸರುಗಳನ್ನು ಪ್ರಕಟಿಸಿ ಇವರು ಯಾರಿಗಾದರೂ ಗೊತ್ತೇ ಎಂದು ತಂಡ ಕೇಳುತ್ತಿತ್ತು. ಇಮೇಲಿನಲ್ಲಿ ಏನೇ ಬರೆದಿದ್ದರೂ ನಡೆಯಲ್ಲಿ ಅವರು ಹುಡುಕುವ ದಾರಿಯನ್ನು ಬಿಡಲಿಲ್ಲ. ಅಪಾಚೆ ಲೈಸೆನ್ಸ್ ಹೊತ್ತ 3.0 ಆವೃತ್ತಿ ಬಂದದ್ದು 2021ರ ಸೆಪ್ಟೆಂಬರ್ 7ರಂದು. ಎಲ್‌ಎಲ್‌ವಿಎಂ ಕಂಪೈಲರ್ ಯೋಜನೆಯದು ಇದಕ್ಕಿಂತ ದೀರ್ಘ ಪಯಣ: 2015ರಲ್ಲಿ ಚರ್ಚೆ, 2019ರ ಜನವರಿಯಿಂದ ಹೊಸ ಲೈಸೆನ್ಸ್, ಹಳಬರ ಒಪ್ಪಿಗೆ ಕೂಡಿಸುವ ಕೆಲಸ ಅದಾದ ಮೇಲೂ ವರ್ಷಗಟ್ಟಲೆ.

ಈ ಪಾಡು ತಪ್ಪಿಸಿಕೊಳ್ಳಲು ಎರಡು ಉಪಾಯಗಳು ಬೆಳೆದವು. ಒಂದು, ಲೈಸೆನ್ಸ್‌ನೊಳಗೇ ಬಾಗಿಲು ಇಡುವುದು: ಈ ಆವೃತ್ತಿ ಅಥವಾ ಮುಂದಿನ ಯಾವುದೇ ಆವೃತ್ತಿ ಎಂದು ಬರೆದುಬಿಡುವುದು. ಇದರ ಅತಿ ದೊಡ್ಡ ಬಳಕೆ ಆಗಿದ್ದು ತಂತ್ರಾಂಶದಲ್ಲಿ ಅಲ್ಲ, ವಿಕಿಪೀಡಿಯದಲ್ಲಿ. ಅದರ ಲೇಖನಗಳು ಗ್ನೂ ದಾಖಲೆ ಲೈಸೆನ್ಸ್‌ನಲ್ಲಿದ್ದವು. 2008ರ ನವೆಂಬರಿನಲ್ಲಿ ಆ ಲೈಸೆನ್ಸ್‌ನ 1.3 ಆವೃತ್ತಿ ಹೊರಟು, ವಿಕಿಗಳು ಕ್ರಿಯೇಟಿವ್ ಕಾಮನ್ಸ್‌ಗೆ ದಾಟಿಕೊಳ್ಳಲು 2009ರ ಆಗಸ್ಟ್ 1ರವರೆಗೆ ಅವಕಾಶ ಕೊಟ್ಟಿತು. ಸಮುದಾಯದ ಮತದಾನ ನಡೆದು 2009ರ ಜೂನ್‌ನಲ್ಲಿ ಬದಲಾವಣೆ ಆಯಿತು. 2003ರಿಂದ ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತ ಬಂದವರ ಲೇಖನಗಳೂ ಹಾಗೆಯೇ, ಅವರನ್ನು ಒಬ್ಬೊಬ್ಬರಾಗಿ ಕೇಳದೆ, ಹೊಸ ಲೈಸೆನ್ಸ್‌ಗೆ ಬಂದವು. ಇಲ್ಲಿ ಕೇಳದಿದ್ದುದು ಅನ್ಯಾಯವೆನಿಸುವುದಿಲ್ಲ: ಬಾಗಿಲು ಮೊದಲೇ ಎಲ್ಲರಿಗೂ ಕಾಣುವಂತಿತ್ತು, ಮತದಾನವೂ ನಡೆಯಿತು.

ಜನರೇ ಸೇರಿ ಬಿಡಿಸುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಅಂಥ ಬಾಗಿಲು ಸಿಗಲಿಲ್ಲ. ನಕ್ಷೆಗೆ ದುಡಿದ ಪ್ರತಿಯೊಬ್ಬರನ್ನೂ ಕೇಳಿ, ಒಪ್ಪದವರು ಮತ್ತು ಉತ್ತರಿಸದವರು ಎಳೆದ ರಸ್ತೆಗಳನ್ನು 2012ರ ಜುಲೈನಲ್ಲಿ ಅಳಿಸಿಹಾಕಿ, ಸೆಪ್ಟೆಂಬರಿನಲ್ಲಿ ಹೊಸ ಲೈಸೆನ್ಸ್‌ಗೆ ಬಂತು. ಅಳಿಸುವುದು ನೋವಿನ ಕೆಲಸ, ಆದರೆ ಪ್ರಾಮಾಣಿಕ ಕೆಲಸ.

ಎರಡನೆಯ ಉಪಾಯ ಕೊಡುಗೆದಾರರ ಒಪ್ಪಂದ. ಕೋಡ್ ಸ್ವೀಕರಿಸುವ ಮೊದಲೇ, ಮುಂದೆ ಲೈಸೆನ್ಸ್ ಬದಲಾಯಿಸುವ ಹಕ್ಕನ್ನು ಬರೆಸಿಕೊಳ್ಳುವುದು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ದಶಕಗಳಿಂದ ಹಕ್ಕುಸ್ವಾಮ್ಯವನ್ನೇ ಬರೆಸಿಕೊಳ್ಳುತ್ತ ಬಂದಿತ್ತು. ಗ್ನೂ ಯೋಜನೆಯ ಕಂಪೈಲರ್ ಜಿಸಿಸಿ 2021ರಲ್ಲಿ ಆ ಕಡ್ಡಾಯವನ್ನು ಸಡಿಲಿಸಿತು. ಲಿನಕ್ಸ್ 2004ರಲ್ಲಿ ಬೇರೆ ದಾರಿ ಹಿಡಿಯಿತು: ಈ ಕೋಡ್ ಕೊಡಲು ನನಗೆ ಹಕ್ಕಿದೆ ಎಂಬ ಒಂದು ಸಾಲಿನ ದೃಢೀಕರಣ ಸಾಕು, ಒಡೆತನ ಬರೆದವರಲ್ಲೇ ಉಳಿಯುತ್ತದೆ.

ಕಂಪನಿಗಳ ಕೈಗೆ ಒಪ್ಪಂದ ಸೇರಿದಾಗ ಅದರ ಇನ್ನೊಂದು ಮುಖ ಕಂಡಿತು. 2018ರಲ್ಲಿ ಮೊಂಗೋಡಿಬಿ, 2021ರಲ್ಲಿ ಇಲಾಸ್ಟಿಕ್‌ಸರ್ಚ್, 2023ರಲ್ಲಿ ಹ್ಯಾಶಿಕಾರ್ಪ್‌ನ ಟೆರಾಫಾರ್ಮ್ ಮುಕ್ತ ಲೈಸೆನ್ಸ್‌ಗಳಿಂದ ಹೊರನಡೆದವು. ಅಪಾಚೆ ಲೈಸೆನ್ಸ್‌ನ ಕೋಡನ್ನು ಎಂದಿಗೂ ಬದಲಿಸುವುದಿಲ್ಲ ಎಂದು ಇಲಾಸ್ಟಿಕ್‌ಸರ್ಚ್‌ನ ಕಂಪನಿ ಇಲಾಸ್ಟಿಕ್ 2018ರಲ್ಲಷ್ಟೇ ಮಾತು ಕೊಟ್ಟಿತ್ತು. ದೊಡ್ಡ ಕ್ಲೌಡ್ ಕಂಪನಿಗಳು ತಮ್ಮ ದುಡಿಮೆಯಿಂದ ಲಾಭ ಮಾಡಿಕೊಂಡು ಏನನ್ನೂ ಮರಳಿಸುತ್ತಿಲ್ಲ ಎಂಬ ಈ ಕಂಪನಿಗಳ ದೂರಿನಲ್ಲಿ ಹುರುಳಿದೆ. ಆದರೂ ಹೊರಗಿನಿಂದ ಕೋಡ್ ಬರೆದುಕೊಟ್ಟವರನ್ನು ಯಾರೂ ಕೇಳಲಿಲ್ಲ; ಅವರ ಒಪ್ಪಿಗೆ ವರ್ಷಗಳ ಹಿಂದೆಯೇ ಕಪಾಟಿನಲ್ಲಿತ್ತು. 2024ರ ಮಾರ್ಚ್‌ನಲ್ಲಿ ಮುಕ್ತ ಲೈಸೆನ್ಸ್ ಬಿಟ್ಟ ರೆಡಿಸ್ ಡೇಟಾಬೇಸ್‌ಗೆ ಅಂಥ ಒಪ್ಪಂದವೂ ಬೇಕಾಗಲಿಲ್ಲ, ಬಿಎಸ್‌ಡಿಯ ಸಡಿಲವೇ ಸಾಕಾಯಿತು. ಕೊಡುಗೆದಾರರಿಗೆ ಉಳಿದದ್ದು ಕವಲೊಡೆಯುವ ದಾರಿ. ಹೊಸ ಲೈಸೆನ್ಸ್ ಮುಂದಿನ ಆವೃತ್ತಿಗಳಿಗೆ ಮಾತ್ರ. ಹಳೆಯದನ್ನು ಹಿಡಿದು ಯಾರಾದರೂ ಮುಂದುವರಿಸಬಹುದು. ಇಲಾಸ್ಟಿಕ್‌ಸರ್ಚ್‌ನಿಂದ ಓಪನ್‌ಸರ್ಚ್, ಟೆರಾಫಾರ್ಮ್‌ನಿಂದ ಓಪನ್‌ಟೋಫು, ರೆಡಿಸ್‌ನಿಂದ ವಾಲ್ಕೀ ಹುಟ್ಟಿದ್ದು ಹೀಗೆ. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಜಿಪಿಎಲ್ ಬಳಗದ ಎಜಿಪಿಎಲ್ ಸೇರಿಸಿ ಮತ್ತೆ ಮುಕ್ತ ಲೈಸೆನ್ಸ್‌ನತ್ತ ಬಂದವು.

ಮಾರ್ಕಮ್, ಕೆಂಫ್ ಪಟ್ಟ ಪಾಡನ್ನು ಈ ಕ್ಷೇತ್ರ ಬಹುಕಾಲ ಒಂದು ಅಡ್ಡಿಯೆಂದೇ ನೋಡಿತು. ನನ್ನ ಎಣಿಕೆಯಲ್ಲಿ ಆ ಪಾಡೇ ಕಾವಲಾಗಿತ್ತು. ಒಡೆತನ ಚದುರಿದ್ದಷ್ಟೂ ಕಾಲ ಯಾರೂ ಒಂದು ಸಂಜೆಯ ಬೋರ್ಡ್ ಮೀಟಿಂಗಿನಲ್ಲಿ ಸಾರ್ವಜನಿಕ ವಸ್ತುವನ್ನು ತಮ್ಮದಾಗಿಸಿಕೊಳ್ಳಲಾರರು.

ಬೆಂಗಳೂರಿನಲ್ಲಿ ಕೂತು ಇಂಥ ಲೈಬ್ರರಿಗಳಿಗೆ ಬರೆಯುವವರಿಗೆ ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಕೆಲವು ಅಂಶಗಳು ನೇರವಾಗಿ ತಟ್ಟುತ್ತವೆ. 17ನೆಯ ಕಲಮಿನಂತೆ, ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಒಡೆಯ ಕಂಪನಿ. ಅಂದರೆ ಎಷ್ಟೋ ಕಡೆ ಕೋಡ್ ಬರೆದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅವರ ಕಂಪನಿಯನ್ನು ಕೇಳಬೇಕು, ಅದು ಈಚೆಗೆ ಇನ್ನೊಂದು ಕಂಪನಿಗೆ ಮಾರಾಟವಾಗಿದ್ದರೆ ಕೊಂಡ ಕಂಪನಿಯನ್ನು. ವ್ಯಕ್ತಿಯೇ ಒಡೆಯನಾಗಿದ್ದರೆ ಹಕ್ಕು ಅವನ ಮರಣದ ನಂತರವೂ 60 ವರ್ಷ ವಾರಸುದಾರರಲ್ಲಿ ಇರುತ್ತದೆ. ಹೊರದೇಶದ ಒಪ್ಪಂದದ ನಮೂನೆಯನ್ನು ಕಣ್ಣುಮುಚ್ಚಿ ನಕಲು ಮಾಡುವವರು 19ನೆಯ ಕಲಮನ್ನು ಓದಿಕೊಳ್ಳಬೇಕು. ಹಕ್ಕನ್ನು ವರ್ಗಾಯಿಸಲು ಸಹಿಯಿರುವ ಬರಹ ಬೇಕು. ಅವಧಿ ಹೇಳದಿದ್ದರೆ ಐದೇ ವರ್ಷವೆಂದು, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದು ಕಾನೂನು ಎಣಿಸುತ್ತದೆ; ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬರಹದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ಅದು ರದ್ದಾಗುತ್ತದೆ. 30ಎ ಕಲಮು ಈ ನಿಯಮಗಳನ್ನು ಅಗತ್ಯ ಮಾರ್ಪಾಡುಗಳೊಂದಿಗೆ ಲೈಸೆನ್ಸ್‌ಗಳಿಗೂ ಅನ್ವಯಿಸುತ್ತದೆ. ಇಲ್ಲಿ ಬರೆಯುವ ಯಾವ ಕೊಡುಗೆ ಒಪ್ಪಂದದಲ್ಲೂ ಅವಧಿ, ಪ್ರದೇಶ, ಬಳಸದಿದ್ದರೂ ಹಕ್ಕು ಉಳಿಯುತ್ತದೆಯೇ ಎಂಬ ಮೂರು ಮಾತು ಸ್ಪಷ್ಟವಾಗಿ ಇರಲೇಬೇಕು. ನಾಲ್ಕನೆಯದಾಗಿ, ಮುಂದೆ ಯಾವ ಬಗೆಯ ಲೈಸೆನ್ಸ್‌ಗೆ ಬದಲಾಯಿಸಬಹುದು, ಯಾವುದಕ್ಕೆ ಬದಲಾಯಿಸಕೂಡದು ಎಂಬ ಮಿತಿಯನ್ನೂ ಸಹಿ ಹಾಕುವವರೇ ಕೇಳಿ ಬರೆಸಿಕೊಳ್ಳಬೇಕು.