ಫಿರಂಗಿ ಸದ್ದಿಗೆ ಕುದುರೆ ಹೇಗೆ ಒಗ್ಗಿತು?

ಕುದುರೆ ಬೆದರಿದರೆ "ಸೊಕ್ಕು ಅದಕ್ಕೆ, ಎರಡು ಬಿಟ್ರೆ ಸರಿಹೋಗುತ್ತೆ" ಅನ್ನೋರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ತಪ್ಪು ಅಂತ ಸುಮಾರು 2,350 ವರ್ಷದ ಹಿಂದೆಯೇ ಗ್ರೀಸ್ ದೇಶದ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ದಂಡಿನಲ್ಲಿದ್ದವನು, ಕುದುರೆ ಬಲ್ಲವನು. ಹೆದರಿದಾಗ ಹೊಡೆದರೆ ಆ ನೋವೂ ಎದುರಿಗಿರೋ ವಸ್ತುವಿನಿಂದಲೇ ಬಂತು ಅಂತ ಕುದುರೆ ತಿಳಿಯುತ್ತೆ, ಹೆದರಿಕೆ ಇನ್ನೂ ಹೆಚ್ಚುತ್ತೆ ಅನ್ನೋದು ಅವನ ಮಾತು. ಮರಿಯನ್ನ ಜನಜಂಗುಳಿಯಲ್ಲಿ ನಡೆಸಿ, ತರಾವರಿ ಸದ್ದು ಕೇಳಿಸಿ, ಬೆಚ್ಚಿದರೆ ಸಮಾಧಾನದಿಂದ ಕಲಿಸಿ ಅಂದ.

ಮದ್ದುಗುಂಡು ಬಂದಮೇಲೆ ಈ ಪಾಠದ ಬೆಲೆ ಇನ್ನೂ ಹೆಚ್ಚಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿನ ಹತ್ತಿರ ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು ತುರ್ಕರ ಫಿರಂಗಿ, ಮಷಿನ್‌ಗನ್ನುಗಳ ಮೇಲೆ ಕುದುರೆ ಓಡಿಸಿ ಊರು ಗೆದ್ದರು. ಸದ್ದಿಗೆ ಒಗ್ಗದ ಕುದುರೆ ಅಲ್ಲಿ ಒಂದು ಹೆಜ್ಜೆ ಮುಂದಿಡ್ತಿರಲಿಲ್ಲ.

ಅದೇ ಕ್ರಮ ಇವತ್ತಿಗೂ ಮೈಸೂರಲ್ಲಿ ನೋಡಬಹುದು. ದಸರಾಕ್ಕೆ 21 ಕುಶಾಲತೋಪು ಹಾರಿಸ್ತಾರಲ್ಲ, ಅದಕ್ಕೆ ಮುಂಚೆ ಆನೆ, ಕುದುರೆಗಳಿಗೆ ಫಿರಂಗಿ ತಾಲೀಮು ನಡೆಯುತ್ತೆ. ಒಂದೇ ದಿನಕ್ಕೆ ಮುಗಿಸಲ್ಲ, ಕೆಲವು ದಿನ ಬಿಟ್ಟು ಮತ್ತೆ ಮತ್ತೆ ಮಾಡ್ತಾರೆ. ಹೊಸ ಪ್ರಾಣಿ ಪಳಗಿದವುಗಳ ಜೊತೆ ನಿಂತು, ಅವು ಬೆದರದೆ ಇರೋದನ್ನ ನೋಡಿ ಕಲಿಯುತ್ತೆ.

ಆದರೆ ಎಷ್ಟು ತಾಲೀಮು ಕೊಟ್ಟರೂ ಬೆದರೋ ಕುದುರೆ ಇದ್ದರೆ ಮೊದಲು ಕಣ್ಣು ನೋಡಿ. ಕುದುರೆಗೆ ಕಣ್ಣು ತಲೆಯ ಎರಡೂ ಪಕ್ಕ ಇರೋದ್ರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲಾ ಕಾಣುತ್ತೆ. ಕಾಣದೇ ಇರೋದು ಬಾಲದ ನೇರ ಹಿಂದೆ ಮತ್ತು ಹಣೆಯ ಮುಂದೆ ತೀರಾ ಹತ್ತಿರ. ಒಂದು ಕಣ್ಣು ಹೋದರೆ ಆ ಪಕ್ಕ ಪೂರ್ತಿ ಕತ್ತಲೆ. ಆ ಕಡೆಯಿಂದ ಬರೋ ಸದ್ದು ಯಾವುದರದ್ದು ಅಂತ ನೋಡಿ ತಿಳಿಯೋ ದಾರಿಯೇ ಇಲ್ಲ. ಬೆದರದೆ ಏನು ಮಾಡೀತು?

ಕುದುರೆಗಳ ಕುರುಡಿಗೆ ದೊಡ್ಡ ಕಾರಣ ಮತ್ತೆ ಮತ್ತೆ ಮರುಕಳಿಸೋ ಕಣ್ಣಿನ ಉರಿಯೂತ. ಹಿಂದೆ ಯುರೋಪಿನವರು ಇದು ಚಂದ್ರನ ಏರಿಳಿತದಿಂದ ಬರುತ್ತೆ ಅಂತ ನಂಬಿ 'ಚಂದ್ರನ ಕುರುಡು' ಅಂತಿದ್ರು. ಈಗ ಗೊತ್ತಾಗಿರೋ ಕಾರಣಗಳಲ್ಲಿ ಒಂದು ನಮಗೆಲ್ಲ ಪರಿಚಯದ ಇಲಿಜ್ವರದ ರೋಗಾಣು. ಇಲಿ ಉಚ್ಚೆ ಬೆರೆತ ನಿಂತ ನೀರು ಕುಡಿಸಬೇಡಿ. ಕಣ್ಣಲ್ಲಿ ನೀರು ಸೋರೋದು, ಬೆಳಕಿಗೆ ಕಣ್ಣು ಕಿರಿದು ಮಾಡೋದು, ಗುಡ್ಡೆ ಮಂಜಾಗೋದು ಕಂಡರೆ ಅವತ್ತೇ ಪಶುವೈದ್ಯರಿಗೆ ತೋರಿಸಿ. ತಾನೇ ಇಳಿದುಹೋಯ್ತು ಅಂತ ಸುಮ್ಮನಾದರೆ, ಮತ್ತೆ ಬಂದಾಗಲೆಲ್ಲ ಒಂದಿಷ್ಟು ದೃಷ್ಟಿ ಕಿತ್ತುಕೊಂಡು ಹೋಗುತ್ತೆ.

ಜಾತ್ರೆ, ಮೆರವಣಿಗೆ ಹತ್ತಿರ ಬರ್ತಿವೆ. ಕುದುರೆ ಇಟ್ಟುಕೊಂಡಿರೋರು ತಮಟೆ ಸದ್ದನ್ನ ಈಗಲೇ ದೂರದಿಂದ ಕೇಳಿಸೋಕೆ ಶುರು ಮಾಡಿ. ಮೇವು ತಿನ್ನುತ್ತಾ ಕಿವಿ ಸಡಿಲ ಬಿಟ್ಟರೆ ಮಾತ್ರ ನಾಲ್ಕು ಹೆಜ್ಜೆ ಹತ್ತಿರ, ಬೆಚ್ಚಿದರೆ ಮತ್ತೆ ದೂರ. ಕಣ್ಣು ಕಾಣದ ಕುದುರೆ ಹತ್ತಿರ ಹೋಗುವಾಗ ಮೊದಲು ಮಾತಾಡಿಸಿ, ಆಮೇಲೆ ಭುಜ ಮುಟ್ಟಿ. ಅಂಥದ್ದನ್ನ ಪಟಾಕಿ ನಡುವೆ ಕರ್ಕೊಂಡು ಹೋಗಲೇಬೇಡಿ. ಅದು ಒದ್ದರೆ ಪೆಟ್ಟು ತಿನ್ನೋದು ಹಿಂದೆ ನಿಂತ ನಮ್ಮೂರ ಮಕ್ಕಳೇ.