ಛತ್ರದಲ್ಲಿ ಕಲಿತ ಆಟ

ನಮ್ಮ ದಾವಣಗೆರೆ ಸೀಮೆಯಲ್ಲಿ ಶಟಲ್ ಅಂದ್ರೆ ಚಳಿಗಾಲದ ರಾತ್ರಿ ಆಟ. ಗಾಳಿ ಕಡಿಮೆ ಇರೋ ಹೊತ್ತಲ್ಲಿ ರಸ್ತೆಗೆ ಅಡ್ಡ ನೆಟ್ ಕಟ್ಟಿ, ಒಂದು ಬಲ್ಬು ಎಳೆದ್ರೆ ಮುಗೀತು. ಹೊನ್ನಾಳಿಯ ನಾನು ಅದನ್ನ ನಿಂತು ನೋಡಿದವನೇ ಹೊರತು ಬ್ಯಾಟ್ ಹಿಡಿದವನಲ್ಲ. ಬೆಂಗಳೂರಲ್ಲಿ ಕೋಡ್ ಬರೆದು ಬರೆದು ಬೆನ್ನು ನೋಯೋಕೆ ಶುರುವಾದ ಮೇಲೆ, ಇಪ್ಪತ್ತೆಂಟನೇ ವಯಸ್ಸಿಗೆ ಕಲಿಯೋಕೆ ಹೊರಟೆ. ಪಕ್ಕದ ಕೋರ್ಟಲ್ಲಿ ಎಂಟು ವರ್ಷದ ಮಕ್ಕಳು ಸ್ಮ್ಯಾಶ್ ಹೊಡೀತಾ ಇದ್ರೆ, ನನ್ನ ಸರ್ವೀಸು ನೆಟ್ಟೇ ದಾಟ್ತಿರಲಿಲ್ಲ :) ಆಗಲೇ ಪ್ರಕಾಶ್ ಪಡುಕೋಣೆ ಈ ಆಟ ಹೇಗೆ ಕಲಿತರು ಅಂತ ಹುಡುಕಿ ಓದೋಕೆ ಕೂತಿದ್ದು.

1980ರ ಆಲ್ ಇಂಗ್ಲೆಂಡ್ ಗೆಲುವು ಎಲ್ರಿಗೂ ಗೊತ್ತು. ನನ್ನನ್ನ ಹಿಡಿದು ನಿಲ್ಲಿಸಿದ್ದು 1962. ಏಳರ ಆಸುಪಾಸಿನ ಹುಡುಗ ರಾಜ್ಯ ಜೂನಿಯರ್ ಪಂದ್ಯಾವಳಿಗೆ ಇಳಿದು ಮೊದಲ ಸುತ್ತಲ್ಲೇ ಸೋತ. (ರಾಜ್ಯ ಅಂದ್ರೆ ಆಗಿನ್ನೂ ಮೈಸೂರು, ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರಲ್ಲಿ.) ಎರಡೇ ವರ್ಷಕ್ಕೆ ಅದೇ ಪ್ರಶಸ್ತಿ ಗೆದ್ದ. ಆ ಎರಡು ವರ್ಷ ಏನು ನಡೀತು ಅನ್ನೋದೇ ನನ್ನ ಕುತೂಹಲ.

ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಹಾಗಂತ ಮಗನಿಗೆ ಅರಮನೆಯಂಥ ಅಂಗಳ ಏನೂ ಇರಲಿಲ್ಲ. ಮನೆ ಹತ್ತಿರದ ಕೆನರಾ ಯೂನಿಯನ್ನಿನ ಪುಟ್ಟ ಹಾಲ್, ಮದುವೆಗಳು ನಡೆಯೋ ಜಾಗ. ಇವತ್ತು ಏನಾದ್ರೂ ಕಾರ್ಯಕ್ರಮ ಇದೆಯಾ ಅಂತ ದಿನಾ ಕಾಯೋದು. ಇಲ್ಲ ಅಂದ್ರೆ ಶಾಲೆ ಮುಗಿದ ಕೂಡಲೇ ಓಡೋದು. ಮುಂದೆ ಸತತ 9 ಸಲ ರಾಷ್ಟ್ರೀಯ ಚಾಂಪಿಯನ್ ಆದವರು ಕಲಿತದ್ದು, ಊಟದ ಎಲೆ ಹಾಸದ ದಿನಗಳಲ್ಲಿ!

ಇನ್ನೊಂದು ವಿಷಯ ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿರಲ್ಲ. 2006ರಲ್ಲಿ 21 ಪಾಯಿಂಟಿನ ಲೆಕ್ಕ ಬರೋ ಮುಂಚೆ, ಸರ್ವೀಸ್ ಮಾಡಿದವನು ಗೆದ್ರೆ ಮಾತ್ರ ಪಾಯಿಂಟು. ಎದುರಾಳಿ ಗೆದ್ರೆ ಅವನಿಗೆ ಸಿಗ್ತಿದ್ದದ್ದು ಸರ್ವೀಸ್ ಅಷ್ಟೇ. ಅಂದ್ರೆ ಸೊನ್ನೆ ಅಂತ ಬೋರ್ಡಲ್ಲಿ ಇದ್ದವನೂ ಎಷ್ಟೋ ರ‍್ಯಾಲಿ ಗೆದ್ದಿರಬಹುದು, ಅದಕ್ಕೆ ಲೆಕ್ಕವೇ ಇಲ್ಲ. 1980ರ ಫೈನಲ್ಲಲ್ಲಿ, ಹಿಂದಿನ ಎರಡು ವರ್ಷವೂ ಪ್ರಶಸ್ತಿ ಗೆದ್ದಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಸೋತದ್ದು 15-3, 15-10ರಿಂದ. ಆ 3ರ ಹಿಂದೆ ಬೋರ್ಡಿಗೆ ಬಾರದ ಎಷ್ಟು ರ‍್ಯಾಲಿ ಇದ್ವೋ! ಬಿರುಸಾಗಿ ಸ್ಮ್ಯಾಶ್ ಹೊಡೆಯೋ ಕಿಂಗ್ ಎದುರು ಪ್ರಕಾಶ್ ಆಡಿದ್ದು ವೇಗ ಇಳಿಸುವ ನಯದ ಆಟ.

ಇದನ್ನ ಓದಿದ ಮೇಲೆ ನಾನು ಪಾಯಿಂಟು ಬಿಟ್ಟು ಬೇರೆ ಎಣಿಸೋಕೆ ಶುರುಮಾಡಿದೆ. ಹತ್ತು ಸರ್ವೀಸಲ್ಲಿ ಎಷ್ಟು ಸರಿ ಬಿತ್ತು? ದಾವಣಗೆರೆಯಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದ ನಾವು ನಾಲ್ಕು ಜನ ಇದೀವಿ. ಚನ್ನಗಿರಿಯವನು ಈಜು ಕಲೀತಿದಾನೆ, ನ್ಯಾಮತಿಯವನು (ಈಗ ಅದೂ ತಾಲೂಕು, ಹೊನ್ನಾಳಿಯಿಂದ ಬೇರೆಯಾಗಿದೆ ಅಂತ ಜಂಬ ಬೇರೆ) ಓಡ್ತಾನೆ, ಜಗಳೂರಿನವನದ್ದೂ ಶಟಲ್. ಭಾನುವಾರ ಒಬ್ಬೊಬ್ಬರೂ ಒಂದೊಂದು ಅಂಕಿ ಕಳಿಸ್ಬೇಕು. ನನ್ನದು 3, 3, 5, 4, 7. ನಾಲ್ಕಕ್ಕೆ ಇಳಿದ ವಾರ ಕಳಿಸೋಕೆ ಮನಸ್ಸು ಬರಲಿಲ್ಲ ನಿಜ, ಆದ್ರೂ ಕಳಿಸಿದೆ. "ನಂದು ಎರಡು, ಸುಮ್ನಿರೋ ಮಾರಾಯ" ಅಂತ ಜಗಳೂರಿನಿಂದ ಉತ್ತರ ಬಂತು.

ಅವನ ಆ ಎರಡು ನಮಗೆ ದೊಡ್ಡದು. ಕೆಲಸ ಹೋಗಿ ಊರಿಗೆ ಮರಳಿದ ಮೇಲೆ ಅವನು ತಿಂಗಳುಗಟ್ಟಲೆ ಯಾರ ಫೋನೂ ಎತ್ತಿರಲಿಲ್ಲ. ಇಂಟರ್ವ್ಯೂ ಅಂದ್ರೆ ಮಾತು ಬದಲಿಸ್ತಿದ್ದ. ಆತ್ಮವಿಶ್ವಾಸದ ಬಗ್ಗೆ ನಾವು ಕಳಿಸಿದ ಉಪದೇಶಗಳನ್ನ ಅವನು ಓದಿದ್ನೋ ಇಲ್ವೋ. ಅಂಕಿ ಕೇಳಿದ್ದಕ್ಕೆ ಮಾತ್ರ ಉತ್ತರ ಬಂತು. ಹೋದ ತಿಂಗಳು ಎರಡು ಇಂಟರ್ವ್ಯೂಗೆ ಹೋಗಿ ಬಂದ. ಎರಡೂ ಆಗಲಿಲ್ಲ. ಆ ಅಂಕಿಯನ್ನೂ ಅವನೇ ಕಳಿಸಿದ.

ಅವನು ಆಡೋದು ಒಂದು ಸಮುದಾಯ ಭವನದಲ್ಲಿ, ಮದುವೆ ಇಲ್ಲದ ದಿನ. ಕೆನರಾ ಯೂನಿಯನ್ ಕಥೆ ಹೇಳಿದಾಗ ಬಿದ್ದು ಬಿದ್ದು ನಕ್ಕ. ಆಷಾಢ ಯಾವಾಗ ಶುರು ಅಂತ ಕ್ಯಾಲೆಂಡರ್ ತಿರುವಿ ನೋಡಿ ಇಟ್ಟಿದಾನಂತೆ, ಇಡೀ ತಿಂಗಳು ಹಾಲ್ ಖಾಲಿ.