ಮೊದಲು ಕೆಲಸ, 17 ವರ್ಷದ ಮೇಲೆ ಸಹಿ

ವರದಿಗಾರನಾಗಿ ಒಡಂಬಡಿಕೆಯ ಸುದ್ದಿಗಳನ್ನು ನಾನೂ ಸಾಕಷ್ಟು ಬರೆದಿದ್ದೇನೆ. ಶಾಲು, ಹಾರ, ಕಡತ ಹಿಡಿದು ಕ್ಯಾಮೆರಾ ನೋಡುವ ಇಬ್ಬರು. ಆಮೇಲೆ ಆ ಕಡತ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿಲ್ಲ. ಹಾಗಾಗಿ ಇವತ್ತು, ಕೆಲಸ ಮೊದಲು ನಡೆದು ಸಹಿ ಕೊನೆಗೆ ಬಿದ್ದ ಎರಡು ಊರುಗಳ ಕತೆ ಹೇಳುತ್ತೇನೆ. ಇದು ನಲ್ಲಿ ನೀರಿನ ಕತೆ, ಹಾಗಾಗಿ ನಿಮಗೂ ಸಂಬಂಧಪಟ್ಟಿದ್ದು.

ದೂರದ ದೇಶದ ಊರಿನೊಂದಿಗೆ ನಂಟು ಬೆಳೆಸುವುದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಹಾಳಾದ ಇಂಗ್ಲೆಂಡಿನ ಕಾವೆಂಟ್ರಿ, ತನ್ನಂತೆಯೇ ಹಾಳಾದ ರಷ್ಯಾದ ಸ್ಟಾಲಿನ್‌ಗ್ರಾಡ್ ಜೊತೆ 1944ರಲ್ಲೇ ನಂಟು ಮಾಡಿಕೊಂಡಿತು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಇದಕ್ಕೆ ಒತ್ತು ಕೊಟ್ಟ ಮೇಲೆ ‘ಸಿಸ್ಟರ್ ಸಿಟಿ’ ಎಂಬ ಮಾತು ಜಗತ್ತಿಗೆಲ್ಲ ಹಬ್ಬಿತು. ನಮ್ಮ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊ ಅಂಥ ಒಂದು ಸೋದರ ನಗರ. ಇಂಥ ನಂಟುಗಳಲ್ಲಿ ಹಲವು ನಿಯೋಗ, ಔತಣ, ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲೇ ಮುಗಿಯುತ್ತವೆ. ಕೆಲವು ಮಾತ್ರ ಮನೆ ಬಾಗಿಲ ನಲ್ಲಿಯವರೆಗೆ ಬಂದಿವೆ.

ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ನಡೆದದ್ದು ಅಂಥದ್ದು. 1975ರ ಏಪ್ರಿಲ್‌ನಲ್ಲಿ ಪೋಲ್ ಪಾಟ್‌ನ ಖಮೇರ್ ರೂಜ್ ಪಡೆ ಈ ಊರಿಗೆ ನುಗ್ಗಿ, ಇದ್ದಬದ್ದ ಜನರನ್ನೆಲ್ಲ ಹಳ್ಳಿಗಳತ್ತ ಅಟ್ಟಿತು. 1979ರ ಜನವರಿಯಲ್ಲಿ ಆ ಆಡಳಿತ ಬೀಳುವಷ್ಟರಲ್ಲಿ ನೀರು ಸರಬರಾಜಿನ ಕೆಲಸ ಬಲ್ಲವರಲ್ಲಿ ಹೆಚ್ಚಿನವರು ಸತ್ತಿದ್ದರು, ಇಲ್ಲವೇ ಊರು ಬಿಟ್ಟಿದ್ದರು. ಪೈಪು ಎಲ್ಲೆಲ್ಲಿ ಹೋಗಿದೆ ಎನ್ನುವ ನಕ್ಷೆಗಳೂ ಕಳೆದುಹೋಗಿದ್ದವು.

1993ರ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು: ನಲ್ಲಿ ಇದ್ದದ್ದು ಊರಿನ ಕಾಲು ಭಾಗಕ್ಕೆ ಮಾತ್ರ, ಅದೂ ದಿನಕ್ಕೆ ಸುಮಾರು 10 ಗಂಟೆ. ಬಿಟ್ಟ ನೀರಿನಲ್ಲಿ ಶೇ 72ರಷ್ಟಕ್ಕೆ ಒಂದು ಪೈಸೆಯೂ ಬರುತ್ತಿರಲಿಲ್ಲ. ಅಂದರೆ ನೂರು ಕೊಡ ಬಿಟ್ಟರೆ 72 ಕೊಡಕ್ಕೆ ಲೆಕ್ಕವೇ ಇಲ್ಲ. ಅದರಲ್ಲಿ ಕೆಲವಷ್ಟು ಮಣ್ಣಿಗೆ ಸೋರುತ್ತಿತ್ತು, ಕೆಲವಷ್ಟು ಕಳ್ಳ ಸಂಪರ್ಕಗಳಿಗೆ ಹೋಗುತ್ತಿತ್ತು. ಆ ಕಳ್ಳ ಸಂಪರ್ಕಗಳನ್ನು ದುಡ್ಡಿಗೆ ಕೊಡುತ್ತಿದ್ದವರಲ್ಲಿ ಇಲಾಖೆಯ ಸಿಬ್ಬಂದಿಯೂ ಇದ್ದರು. ನಲ್ಲಿ ಇಲ್ಲದ ಬಡವರು ಮಾತ್ರ ಮಾರುವವರಿಂದ ದುಬಾರಿ ಬೆಲೆಗೆ ನೀರು ಕೊಳ್ಳುತ್ತಿದ್ದರು.

ಆ ವರ್ಷ ಏಕ್ ಸೊನ್ ಚಾನ್ ಎಂಬ ಎಂಜಿನಿಯರ್ ಮುಖ್ಯಸ್ಥರಾಗಿ ಬಂದರು. ಪೋಲ್ ಪಾಟ್ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡು ಬದುಕುಳಿದವರು ಅವರು. ಜಪಾನ್, ಫ್ರಾನ್ಸ್, ವಿಶ್ವಬ್ಯಾಂಕ್‌ಗಳಿಂದ ನೆರವು ಬರುತ್ತಿತ್ತು. ಆದರೆ ಸೋರುವ ಕೊಡಕ್ಕೆ ಎಷ್ಟು ನೀರು ಹಾಕಿದರೇನು? ಅವರು ಮೊದಲು ಮನೆ ಸರಿಮಾಡಿಕೊಂಡರು. ಮನೆ ಮನೆಗೂ ಮೀಟರ್ ಹಾಕಿಸಿದರು. ಕಳ್ಳ ಸಂಪರ್ಕ ತೋರಿಸಿಕೊಟ್ಟವರಿಗೆ ಬಹುಮಾನ, ಲಂಚ ತಿಂದ ಸಿಬ್ಬಂದಿಗೆ ಶಿಕ್ಷೆ, ಚೆನ್ನಾಗಿ ದುಡಿದವರಿಗೆ ಹೆಚ್ಚಿನ ಸಂಬಳ. ಬಿಲ್ ಕಟ್ಟದ ಸರ್ಕಾರಿ ಕಚೇರಿಗಳನ್ನೂ ಬಿಡಲಿಲ್ಲ. ಸೇನೆಯ ದೊಡ್ಡ ಅಧಿಕಾರಿಯೊಬ್ಬರ ಮನೆಗೆ ಮೀಟರ್ ಹಾಕಿಸಲು ಹೋದಾಗ ಆ ಅಧಿಕಾರಿ ಇವರ ತಲೆಗೇ ಪಿಸ್ತೂಲು ಹಿಡಿದರಂತೆ. ಇವರು ಪೊಲೀಸರನ್ನು ಕರೆದುಕೊಂಡು ಮತ್ತೆ ಹೋಗಿ ಸಂಪರ್ಕ ಕಡಿಸಿದರು. ಬಡವರ ಮನೆಗೆ ಮಾತ್ರ ಸಂಪರ್ಕದ ಖರ್ಚಿನಲ್ಲಿ ರಿಯಾಯಿತಿ ಕೊಟ್ಟರು, ಕಂತಿನಲ್ಲಿ ಕಟ್ಟಲು ಅವಕಾಶ ಮಾಡಿಕೊಟ್ಟರು.

ಇಷ್ಟಾದ ಮೇಲೆ, 1999ರಲ್ಲಿ, ಜಪಾನಿನ ಕಿತಾಕ್ಯೂಶು ನಗರ ತನ್ನ ನೀರು ಸರಬರಾಜು ಇಲಾಖೆಯ ಸಿಬ್ಬಂದಿಯನ್ನು ಇಲ್ಲಿಗೆ ಕಳಿಸಿತು. ಕಿತಾಕ್ಯೂಶು 1963ರಲ್ಲಿ ಐದು ಊರು ಸೇರಿ ಆದ ಕೈಗಾರಿಕಾ ನಗರ. ಉಕ್ಕಿನ ಕಾರ್ಖಾನೆಗಳಿಂದ ಅದರ ಕೊಲ್ಲಿ ಒಂದು ಕಾಲಕ್ಕೆ ‘ಸತ್ತ ಸಮುದ್ರ’ ಎನಿಸಿಕೊಂಡಿತ್ತು. ಅಲ್ಲಿನ ಗೃಹಿಣಿಯರು ಹೊಗೆಯ ವಿರುದ್ಧ ಎದ್ದು ನಿಂತು ಊರನ್ನು ದಾರಿಗೆ ತಂದರು. ಕೆಟ್ಟು ಸರಿಯಾದ ಊರಿಗೆ ಮತ್ತೊಂದು ಊರಿನ ಕಷ್ಟ ಬೇಗ ಅರ್ಥವಾಗುತ್ತದೆ.

ಜಪಾನಿನವರು ತಂದದ್ದು ಒಂದು ಸರಳ ಲೆಕ್ಕ. ಊರಿನ ಪೈಪ್ ಲೈನನ್ನು ಬ್ಲಾಕ್‌ಗಳಾಗಿ ಭಾಗಮಾಡಿ, ಪ್ರತಿ ಬ್ಲಾಕಿಗೆ ಎಷ್ಟು ನೀರು, ಎಷ್ಟು ಒತ್ತಡದಲ್ಲಿ ಹೋಗುತ್ತಿದೆ ಎಂದು ಕೇಂದ್ರದಲ್ಲಿ ಕೂತೇ ನೋಡುವ ವ್ಯವಸ್ಥೆ. ನಡುರಾತ್ರಿ ಎಲ್ಲರೂ ಮಲಗಿರುವಾಗಲೂ ಒಂದು ಬ್ಲಾಕಿಗೆ ನೀರು ಓಡುತ್ತಲೇ ಇದ್ದರೆ, ಅಲ್ಲಿ ಸೋರಿಕೆ ಇದೆ ಎಂದರ್ಥ. ಇಡೀ ಊರು ಅಗೆಯಬೇಕಿಲ್ಲ, ಆ ಬ್ಲಾಕಿನಲ್ಲಿ ಹುಡುಕಿದರೆ ಸಾಕು. ಇದನ್ನು ಭಾಷಣದಲ್ಲಿ ಕಲಿಸಲಿಲ್ಲ. ಒಂದು ಊರಿನ ನೀರಿನವರು ಇನ್ನೊಂದು ಊರಿನ ನೀರಿನವರ ಪಕ್ಕ ನಿಂತು ಕಲಿಸಿದರು.

ಕೆಲವೇ ವರ್ಷಗಳಲ್ಲಿ ದಿನದ 24 ಗಂಟೆಯೂ ನೀರು ಬಂತು. ನಲ್ಲಿಯಿಂದಲೇ ಹಿಡಿದು ಕುಡಿಯುವಷ್ಟು ಶುದ್ಧ ನೀರು. 2010ರ ಹೊತ್ತಿಗೆ ನಗರದ ಶೇ 90ರಷ್ಟು ಭಾಗಕ್ಕೆ ಸಂಪರ್ಕ ಸಿಕ್ಕಿತ್ತು, ಲೆಕ್ಕಕ್ಕೆ ಸಿಗದ ನೀರು ಶೇ 72ರಿಂದ ಶೇ 6ರ ಆಸುಪಾಸಿಗೆ ಇಳಿದಿತ್ತು. ದರ ಏರಿಸಲು ಮೂರು ಹಂತ ಯೋಜಿಸಿದ್ದರು. ಎರಡು ಹಂತಕ್ಕೇ ಆದಾಯ ಸಾಕಾಗಿ ಮೂರನೆಯದನ್ನು ಕೈಬಿಟ್ಟರು. 2006ರಲ್ಲಿ ಏಕ್ ಸೊನ್ ಚಾನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಿಂದ ಕಾಂಬೋಡಿಯಾದ ಬೇರೆ ಎಂಟು ಊರುಗಳಿಗೆ ತರಬೇತಿ ಶುರುವಾದಾಗ, ಕಲಿಸಲು ಜಪಾನಿನವರ ಜೊತೆ ನಾಮ್ ಪೆನ್‌ನವರೂ ಹೋದರು. ಕಲಿತವರೇ ಮೇಷ್ಟ್ರಾದರು.

ಎರಡೂ ಊರು ಸೋದರ ನಗರಗಳೆಂದು ಸಹಿ ಹಾಕಿದ್ದು 2016ರಲ್ಲಿ. ಮೊದಲ ಸಿಬ್ಬಂದಿ ಬಂದು 17 ವರ್ಷ ಆಗಿತ್ತು. ಹಾರ, ಫೋಟೊ ಆಗಲೂ ಇದ್ದಿರಬಹುದು, ಆದರೆ ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬರುತ್ತಿತ್ತು.

ಹೊರಗಿನವರು ಬಂದು ನಮ್ಮ ಊರು ಉದ್ಧಾರ ಮಾಡಿದರು ಎಂದು ಈ ಕತೆಯನ್ನು ಓದಬೇಡಿ. ಲಂಚ ನಿಂತು, ದೊಡ್ಡವರ ಮನೆಗೂ ಮೀಟರ್ ಬಿದ್ದ ಮೇಲೆ ಹೊರಗಿನ ವಿದ್ಯೆ ನಾಟಿತು. ಮೊದಲೇ ಬಂದಿದ್ದರೆ ಆ ಯಂತ್ರಗಳೂ ತುಕ್ಕು ಹಿಡಿಯುತ್ತಿದ್ದವೇನೋ.

ನಮಗೆ ಜಪಾನಿನವರು ಬರುವುದು ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ ನೋಡಿ. ನಮ್ಮ ಓವರ್‌ಹೆಡ್ ಟ್ಯಾಂಕಿಗೆ ದಿನಕ್ಕೆ ಎಷ್ಟು ನೀರು ಏರುತ್ತದೆ? ಅದರಲ್ಲಿ ಎಷ್ಟು ಮನೆಗಳಿಗೆ ತಲುಪುತ್ತದೆ? ಉತ್ತರ ಸಿಗದಿದ್ದರೆ ಪಕ್ಕದ ಪಂಚಾಯ್ತಿಯಲ್ಲಿ ಚೆನ್ನಾಗಿ ನೀರು ಬಿಡುವ ನೀರುಗಂಟಿಯನ್ನು ಒಂದು ದಿನ ಕರೆಸಿ, ನಮ್ಮ ನೀರುಗಂಟಿಯ ಜೊತೆ ಲೈನಿನುದ್ದಕ್ಕೂ ನಡೆದು ನೋಡಲು ಹೇಳಿ. ಅದಕ್ಕೆ ಒಡಂಬಡಿಕೆ ಬೇಕಿಲ್ಲ, ಒಂದು ಹೊತ್ತಿನ ಊಟ ಹಾಕಿದರೆ ಸಾಕು.